ವಾರ್ಡ್ ಸಮಿತಿಗೆ ಪರಿಸರದ ದೂರು ಒಯ್ಯುವುದು ಹೇಗೆ: ಬಳ್ಳಾರಿಯ ಓಣಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಕಸ ಸುಡುವ ಹೊಗೆ, ಚರಂಡಿಯಲ್ಲಿ ಹರಿಯುವ ನೀಲಿ ನೀರು, ಲಾರಿ ಹೋದ ಮೇಲೆ ಅರ್ಧ ತಾಸು ನಿಲ್ಲುವ ಕೆಂಧೂಳು, ನಳದಲ್ಲಿ ವಾಸನೆ ಹೊಡೆಯುವ ನೀರು. ಬಳ್ಳಾರಿಯಲ್ಲಿ ದೂರಿಗೂ ಬರವಿಲ್ಲ, ಅರ್ಜಿಗೂ ಬರವಿಲ್ಲ. ಆದರೆ ಕೊಟ್ಟ ಅರ್ಜಿಗಳಲ್ಲಿ ಬಹಳಷ್ಟು ಒಂದೇ ರೀತಿಯಲ್ಲಿ ಸೋಲುತ್ತವೆ. ಓಣಿಯವರಿಗೆ ಅರ್ಜಿ ಬರೆದುಕೊಡುತ್ತಾ ಬಂದವನಾಗಿ ನಾನು ಕಂಡ ಕಾರಣಗಳು ನಾಲ್ಕು: ಒಂದೇ ಅರ್ಜಿಯಲ್ಲಿ ಹತ್ತು ಸಮಸ್ಯೆ ತುಂಬುವುದು, ಸಂಬಂಧವಿಲ್ಲದ ಕಚೇರಿಗೆ ಕೊಡುವುದು, ಇನ್‌ವರ್ಡ್ ನಂಬರ್ (ಕಚೇರಿ ಅರ್ಜಿ ಸ್ವೀಕರಿಸಿ ಹಾಕುವ ಸಂಖ್ಯೆ) ಪಡೆಯದೆ ಬರುವುದು, ಸಭೆಯಲ್ಲಿ ಜೋರಾಗಿ ಮಾತಾಡಿಯೂ ನಡವಳಿಯಲ್ಲಿ (ಸಭೆಯ ಲಿಖಿತ ದಾಖಲೆ) ಒಂದು ಸಾಲೂ ದಾಖಲಾಗದಿರುವುದು.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನ ಒಂದನ್ನು ಬಿಟ್ಟು ಮುಂದೆ ಹೋದರೆ ಮತ್ತೆ ಹಿಂದಕ್ಕೆ ಬರಬೇಕಾಗುತ್ತದೆ. ಅಷ್ಟರಲ್ಲಿ ತಿಂಗಳು ಕಳೆದಿರುತ್ತದೆ.

## ಶುರು ಮಾಡುವ ಮುಂಚೆ: ಸಮಿತಿಯಿಂದ ಏನಾಗುತ್ತದೆ, ಏನಾಗದು

ವಾರ್ಡ್ ಸಮಿತಿಗೆ ನಿಮ್ಮ ವಾರ್ಡಿನ ಪಾಲಿಕೆ ಸದಸ್ಯರೇ ಅಧ್ಯಕ್ಷರು. ಅವರ ಜೊತೆ ಪಾಲಿಕೆ ನೇಮಿಸಿದ ಹತ್ತು ಜನ ಇರುತ್ತಾರೆ. ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘಗಳ ಪ್ರತಿನಿಧಿಗಳು ಇರಬೇಕು. 2016ರ ವಾರ್ಡ್ ಸಮಿತಿ ನಿಯಮಗಳ ಪ್ರಕಾರ ಸಮಿತಿ ತಿಂಗಳಿಗೊಮ್ಮೆ ಸೇರಬೇಕು.

ದಂಡ ಹಾಕುವುದು, ಘಟಕ ಮುಚ್ಚಿಸುವುದು ಸಮಿತಿಯ ಕೈಯಲ್ಲಿಲ್ಲ. ಅದು ಠರಾವು (ನಿರ್ಣಯ) ಮಾಡಬಹುದು, ಪಾಲಿಕೆಯ ಅಧಿಕಾರಿಯಿಂದ ದಿನಾಂಕ ಸಹಿತ ಉತ್ತರ ಕೇಳಬಹುದು, ಬೇರೆ ಇಲಾಖೆಗೆ ಪತ್ರ ಬರೆಸಬಹುದು. ಇಷ್ಟೇನಾ ಅಂತ ಕೆಲವರು ಇಲ್ಲೇ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಒಂಟಿ ಅರ್ಜಿಯನ್ನು ಮೇಜಿನ ಕೆಳಗೆ ಸರಿಸುವುದು ಸುಲಭ, ಸಮಿತಿಯ ಠರಾವನ್ನು ಹಾಗೆ ಸರಿಸಲು ಬರುವುದಿಲ್ಲ. ಮುಂದೆ ಮಾಲಿನ್ಯ ನಿಯಂತ್ರಣ ಮಂಡಳಿಗೋ ಹಸಿರು ನ್ಯಾಯಮಂಡಳಿಗೋ ಹೋಗಬೇಕಾಗಿ ಬಂದರೆ ಅದೇ ನಿಮ್ಮ ಮೊದಲ ದಾಖಲೆ.

ನಿಮ್ಮ ವಾರ್ಡಿನಲ್ಲಿ ಸಮಿತಿ ರಚನೆಯಾಗಿದೆಯೇ, ಅದರ ಕಾರ್ಯದರ್ಶಿ ಯಾವ ಅಧಿಕಾರಿ ಎಂಬುದನ್ನು ಪಾಲಿಕೆಯ ವಲಯ ಕಚೇರಿಯಲ್ಲಿ ಮೊದಲು ಕೇಳಿ. ಬಳ್ಳಾರಿಯಲ್ಲಿ 39 ವಾರ್ಡುಗಳಿವೆ. ಪಕ್ಕದ ಓಣಿ ಬೇರೆ ವಾರ್ಡಿಗೆ ಸೇರಿರಬಹುದು, ಹಾಗಾಗಿ ವಾರ್ಡ್ ಸಂಖ್ಯೆಯನ್ನು ಆಸ್ತಿ ತೆರಿಗೆ ರಸೀದಿಯಲ್ಲಿ ನೋಡಿಕೊಳ್ಳಿ. ಬಾಯಿಮಾತನ್ನು ನಂಬಬೇಡಿ.

## ಬೇಕಾಗುವ ಸಾಮಾನು

ಇನ್ನೂರು ಪುಟದ ಒಂದು ನೋಟ್‌ಬುಕ್ಕು (ಬಿಡಿ ಹಾಳೆ ಬೇಡ). ಚಿತ್ರದ ಮೇಲೆ ದಿನಾಂಕ, ಸಮಯ, ಅಕ್ಷಾಂಶ ರೇಖಾಂಶ ಮೂಡಿಸುವ ಜಿಪಿಎಸ್ ಮ್ಯಾಪ್ ಕ್ಯಾಮೆರಾದಂಥ ಆ್ಯಪ್ ಇರುವ ಫೋನು. ಒಂದು ಬಿಳಿ ಪ್ಲೇಟು. ಒಂದು ರಟ್ಟಿನ ಫೈಲು. ಜೆರಾಕ್ಸಿಗೆ, ಸ್ಪೀಡ್ ಪೋಸ್ಟಿಗೆ ಒಂದಷ್ಟು ದುಡ್ಡು. ಇವೆಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಹಿಂದೆ ಸರಿಯದ ಮೂರು ಮನೆಗಳು. ಮೂವತ್ತು ಸಹಿ ಸಂಗ್ರಹಿಸುವುದು ದೊಡ್ಡ ಮಾತಲ್ಲ. ಸ್ಥಳ ತನಿಖೆಗೆ ಅಧಿಕಾರಿ ಬಂದಾಗ ಬಾಗಿಲು ತೆರೆದು ಹೊರಗೆ ಬಂದು ನಿಲ್ಲುವ ಮೂವರು ಸಿಗುವುದು ಕಷ್ಟ. ಅವರು ಯಾರು ಎಂಬುದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

## ಹಂತ 1: ದೂರನ್ನು ಒಂದು ಜಾಗ, ಒಂದು ಕೆಲಸಕ್ಕೆ ಇಳಿಸಿ

"ನಮ್ಮ ವಾರ್ಡಿನಲ್ಲಿ ಪರಿಸರ ಹಾಳಾಗಿದೆ" ಎಂಬ ವಾಕ್ಯಕ್ಕೆ ಯಾವ ಅಧಿಕಾರಿಯೂ ಕ್ರಮ ಕೈಗೊಳ್ಳಲು ಬರುವುದಿಲ್ಲ, ಕ್ರಮ ಎಲ್ಲಿ ಶುರು ಮಾಡಬೇಕು ಎಂಬುದೇ ಅದರಲ್ಲಿಲ್ಲ. "ಶಾಲೆಯ ಹಿಂದಿನ ಖಾಲಿ ಸೈಟಿನಲ್ಲಿ ಬೆಳಿಗ್ಗೆ ಆರರಿಂದ ಏಳೂವರೆಯೊಳಗೆ ಕಸಕ್ಕೆ ಬೆಂಕಿ ಬೀಳುತ್ತದೆ" ಎಂದರೆ ಬರುತ್ತದೆ.

ನಾನು ಮೊದಲ ಸಲ ಬರೆದ ಅರ್ಜಿ ನಾಲ್ಕು ಪುಟವಿತ್ತು. ಹನ್ನೊಂದು ಸಮಸ್ಯೆ ಬರೆದಿದ್ದೆ. ಅದು ಐದು ಮೇಜು ಸುತ್ತಿ, ಪ್ರತಿ ಮೇಜಿನವರೂ ಇದು ಹೆಚ್ಚಾಗಿ ಪಕ್ಕದ ವಿಭಾಗದ್ದು ಅಂತ ಮುಂದೆ ತಳ್ಳಿದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆರು ತಿಂಗಳಾದ ಮೇಲೆ ಅದನ್ನೇ ಒಡೆದು ಹೊಗೆಗೆ ಒಂದು, ಚರಂಡಿಗೆ ಒಂದು ಅಂತ ಬೇರೆ ಬೇರೆ ಅರ್ಜಿ ಮಾಡಿದಾಗ ಉತ್ತರ ಬಂತು.

ಹತ್ತು ಸಮಸ್ಯೆ ಇದ್ದರೆ ಹತ್ತು ಅರ್ಜಿ ಬರೆಯಿರಿ, ಆದರೆ ಮೊದಲು ಒಂದನ್ನಷ್ಟೇ ಕೊಡಿ. ಎಲ್ಲಕ್ಕಿಂತ ದೊಡ್ಡದನ್ನು ಮೊದಲು ಹಿಡಿಯಬೇಡಿ, ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಬಹುದಾದದ್ದನ್ನು ಹಿಡಿಯಿರಿ.

## ಹಂತ 2: ಅದು ಯಾರ ಕೆಲಸ ಎಂದು ಗುರುತಿಸಿ

ಹೆಚ್ಚಿನವರು ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಕಸ, ಕಸ ಸುಡುವುದು, ಓಣಿಯ ಚರಂಡಿ, ಒಳಚರಂಡಿ (ಯುಜಿಡಿ) ಉಕ್ಕುವುದು, ಖಾಲಿ ಸೈಟಿನಲ್ಲಿ ಕಟ್ಟಡದ ಅವಶೇಷ ಸುರಿಯುವುದು: ಇವು ಪಾಲಿಕೆಯವು. ಕಸಕ್ಕೆ ಆರೋಗ್ಯ ನಿರೀಕ್ಷಕರು ಮತ್ತು ಪರಿಸರ ಅಭಿಯಂತರರು, ಚರಂಡಿಗೆ ವಾರ್ಡಿನ ಕಿರಿಯ ಅಭಿಯಂತರರು (ಜೆಇ). ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ಪರಿಹಾರ ವಸೂಲಿ ಮಾಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್ 22ರಂದು ಆದೇಶಿಸಿದೆ. ಅರ್ಜಿಯಲ್ಲಿ ಆ ದಿನಾಂಕವನ್ನು ಬರೆಯಿರಿ.

ಕಾರ್ಖಾನೆಯ ಹೊಗೆ, ಮಸಿ, ರಾಸಾಯನಿಕ ನೀರು: ಇವು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವು. ಮಂಡಳಿಗೆ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರರಲ್ಲೂ ಪ್ರಾದೇಶಿಕ ಕಚೇರಿಗಳಿವೆ, ಅರ್ಜಿ ಅಲ್ಲಿನ ಪರಿಸರ ಅಧಿಕಾರಿಗೆ ಹೋಗಬೇಕು. 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆಯಡಿ ಇಂಥ ಘಟಕಗಳು ಮಂಡಳಿಯ ಸಮ್ಮತಿ ಪತ್ರ ಪಡೆದಿರಬೇಕು. ಯಾವ ಪ್ರಮಾಣದಲ್ಲಿ, ಯಾವ ಷರತ್ತಿನಲ್ಲಿ ನಡೆಸಬೇಕು ಎಂಬುದು ಆ ಪತ್ರದಲ್ಲೇ ಇರುತ್ತದೆ. ಜೀನ್ಸ್ ವಾಷಿಂಗ್ ಘಟಕದ ನೀಲಿ ನೀರು ಓಣಿಯ ಚರಂಡಿಗೆ ಬಿದ್ದರೆ ಎರಡು ಕಚೇರಿಗೂ ಸಂಬಂಧ ಬರುತ್ತದೆ. ಚರಂಡಿಗೆ ಬಿಟ್ಟದ್ದಕ್ಕೆ, ಟ್ರೇಡ್ ಲೈಸೆನ್ಸಿಗೆ ಪಾಲಿಕೆ, ಸಂಸ್ಕರಿಸದೆ ಬಿಟ್ಟದ್ದಕ್ಕೆ ಮಂಡಳಿ. ಎರಡು ಅರ್ಜಿ ಕೊಡಿ, ಎರಡರಲ್ಲೂ ಇನ್ನೊಂದರ ಪ್ರಸ್ತಾಪ ಇರಲಿ.

ಧೂಳಿನ ವಿಷಯಕ್ಕೆ ಬಂದರೆ, ಮೊದಲು ರಸ್ತೆ ಯಾರದು ಎಂದು ತಿಳಿಯಿರಿ. ಹೊಸಪೇಟೆ ಕಡೆಯ ರಾಷ್ಟ್ರೀಯ ಹೆದ್ದಾರಿ 67, ಸಿರುಗುಪ್ಪ ಕಡೆಯ 150ಎ ಪಾಲಿಕೆಯ ರಸ್ತೆಗಳಲ್ಲ. ಹೆದ್ದಾರಿಯ ಅಂಚಿನ ಮಣ್ಣು ತೆಗೆಸಿ ಅಂತ ಪಾಲಿಕೆಗೆ ಬರೆದರೆ ಆ ಕಾಗದ ಅಲ್ಲೇ ನಿಲ್ಲುತ್ತದೆ. ಟಾರ್ಪಾಲು ಹೊದಿಸದೆ ಅದಿರು ಸಾಗಿಸುವ ಲಾರಿಗಳ ಮೇಲೆ ದೂರು ಆರ್‌ಟಿಒ ಮತ್ತು ಸಂಚಾರ ಪೊಲೀಸರಿಗೆ ಹೋಗಬೇಕು.

ನಳದ ನೀರು ಪಾಲಿಕೆಯ ನೀರು ಸರಬರಾಜು ವಿಭಾಗದ್ದು. ವಾಂತಿ ಭೇದಿ ಶುರುವಾಗಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಅದೇ ದಿನ ತಿಳಿಸಬೇಕು. ಮರ ಕಡಿಯುವುದಕ್ಕೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ರಾತ್ರಿ ಹತ್ತರ ಮೇಲಿನ ಡಿಜೆಗೆ ಪೊಲೀಸರು, 112.

ಈ ಪಟ್ಟಿಯನ್ನು ಸಮಿತಿಯ ಸದಸ್ಯರೂ ಕೆಲವೊಮ್ಮೆ ಗೊಂದಲ ಮಾಡಿಕೊಳ್ಳುತ್ತಾರೆ. ನೀವು ಸರಿಯಾದ ಹೆಸರಿನೊಂದಿಗೆ ಹೋದರೆ ಸಭೆಯ ಅರ್ಧ ಹೊತ್ತು ಉಳಿಯುತ್ತದೆ.

## ಹಂತ 3: ಹದಿನಾಲ್ಕು ದಿನ ದಾಖಲೆ ಇಡಿ

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಗೆರೆ ಹಾಕಿ: ದಿನಾಂಕ, ಸಮಯ, ಕಂಡದ್ದು, ಗಾಳಿ ಬೀಸುವ ದಿಕ್ಕು, ನೋಡಿದವರ ಸಹಿ. ಏನೂ ಆಗದ ದಿನವೂ "ಇಲ್ಲ" ಎಂದು ಬರೆಯಲೇಬೇಕು. ಹದಿನಾಲ್ಕಕ್ಕೆ ಹದಿನಾಲ್ಕು ದಿನವೂ ಹೊಗೆ ಬಂತು ಎಂದರೆ ಅಧಿಕಾರಿಗೆ ಅನುಮಾನ ಬರುತ್ತದೆ. ಹದಿನಾಲ್ಕರಲ್ಲಿ ಒಂಬತ್ತು ದಿನ, ಭಾನುವಾರ ಇಲ್ಲ, ಕಸ ಒಯ್ಯುವ ಟಿಪ್ಪರ್ ಬಾರದ ಮರುದಿನ ಹೆಚ್ಚು ಎಂದರೆ ಕಾರಣವೂ ಕಣ್ಣಿಗೆ ಬೀಳುತ್ತದೆ. ಬೆಂಕಿ ಬೀಳುವುದು ಟಿಪ್ಪರ್ ತಪ್ಪಿದ ಮರುದಿನ ಎಂದಾದರೆ ನೀವು ಕೇಳಬೇಕಾದದ್ದು ದಂಡವನ್ನಲ್ಲ, ಟಿಪ್ಪರ್ ವೇಳಾಪಟ್ಟಿಯನ್ನು.

ಗಾಳಿಯ ಕಾಲಂ ಏಕೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದ ಕಡೆಯಿಂದ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿರುವುದರಿಂದ ಹೊಗೆ ಮೇಲೇರದೆ ಓಣಿಯಲ್ಲೇ ನಿಲ್ಲುತ್ತದೆ. ಅಧಿಕಾರಿ ಮಧ್ಯಾಹ್ನ ಹನ್ನೆರಡಕ್ಕೆ ಬಂದು "ಏನೂ ಇಲ್ಲವಲ್ಲ" ಎಂದರೆ ಅವರು ಕಂಡದ್ದೂ ನಿಜ, ನೀವು ಕಂಡದ್ದೂ ನಿಜ. ಯಾವ ಹೊತ್ತಿಗೆ ಬರಬೇಕು ಎಂಬುದನ್ನು ನಿಮ್ಮ ನೋಟ್‌ಬುಕ್ಕು ಹೇಳಬೇಕು.

ಚಿತ್ರ ತೆಗೆಯುವಾಗ ಒಂದು ದೂರದ್ದು, ಒಂದು ಹತ್ತಿರದ್ದು. ದೂರದ ಚಿತ್ರದಲ್ಲಿ ಗುರುತು ಹಿಡಿಯಬಹುದಾದ ಗುಡಿ, ಶಾಲೆಯ ಬೋರ್ಡು, ವಿದ್ಯುತ್ ಕಂಬದ ಸಂಖ್ಯೆ ಏನಾದರೂ ಇರಲಿ. ಪೌರಕಾರ್ಮಿಕರು ಎಲೆ ಗುಡಿಸಿ ಬೆಂಕಿ ಹಚ್ಚಿದ್ದರೆ ಅವರ ಮುಖ ಚಿತ್ರದಲ್ಲಿ ಬೇಡ. ತಳ್ಳುಗಾಡಿ ಮುರಿದಿದ್ದು, ಟಿಪ್ಪರ್ ಬಾರದೆ ಇದ್ದದ್ದಕ್ಕೆ ಅವರ ಸಂಬಳ ಕಡಿತವಾಗುವುದು ನ್ಯಾಯವಲ್ಲ. ನಿಮ್ಮ ದೂರು ವ್ಯವಸ್ಥೆಯ ಮೇಲಿರಲಿ.

ಧೂಳಿಗೆ ಬಿಳಿ ಪ್ಲೇಟು ಮಾಳಿಗೆಯ ಮೇಲಿಟ್ಟು ಇಪ್ಪತ್ನಾಲ್ಕು ತಾಸು ಬಿಟ್ಟು ಚಿತ್ರ ತೆಗೆಯಿರಿ, ಅದೇ ಜಾಗದಲ್ಲಿ ಐದು ದಿನ. ಇದು ಕಾನೂನಿನ ಸಾಕ್ಷ್ಯವಲ್ಲ, ಆದರೆ ಸಭೆಯ ಮೇಜಿನ ಮೇಲೆ ಐದು ಚಿತ್ರ ಇಟ್ಟಾಗ ಮಾತು ಬೇರೆಯಾಗುತ್ತದೆ. ಅಯಸ್ಕಾಂತಕ್ಕೆ ಧೂಳು ಅಂಟಿತು, ಆದ್ದರಿಂದ ಇದು ಇಂಥದೇ ಕಾರ್ಖಾನೆಯದು ಎಂದು ಮಾತ್ರ ಬರೆಯಬೇಡಿ. ಕಲ್ಲಿದ್ದಲು ಉರಿಸಿದಾಗ ಬರುವ ಹಾರುಬೂದಿಯಲ್ಲೂ ಅಯಸ್ಕಾಂತಕ್ಕೆ ಅಂಟುವ ಕಣಗಳಿರುತ್ತವೆ, ಸಂಡೂರಿನ ಹೆಮಟೈಟ್ ಅದಿರಿನ ಧೂಳು ಅಷ್ಟಾಗಿ ಅಂಟುವುದೇ ಇಲ್ಲ. ಮೂಲ ಯಾವುದೆಂದು ಹೇಳುವುದು ಮಂಡಳಿಯ ಪ್ರಯೋಗಾಲಯದ ಕೆಲಸ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಕಾಣುವ ವಾಯು ಗುಣಮಟ್ಟ ಸೂಚ್ಯಂಕವನ್ನು ಬರೆದಿಡಬಹುದು, ಆದರೆ ಅದು ಮಾಪನ ಕೇಂದ್ರ ಇರುವ ಜಾಗದ್ದು, ನಿಮ್ಮ ಓಣಿಯದ್ದಲ್ಲ. ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು (ಪಿಎಂ) ಹೋಲಿಸಲು ಬೇಕಾದ ಮಾನದಂಡ ಇದು: ಇಪ್ಪತ್ನಾಲ್ಕು ತಾಸಿನ ಸರಾಸರಿಯಲ್ಲಿ ಪಿಎಂ 10 ಒಂದು ಘನ ಮೀಟರಿಗೆ 100 ಮೈಕ್ರೊಗ್ರಾಂ, ಪಿಎಂ 2.5 ಆದರೆ 60 ಮೈಕ್ರೊಗ್ರಾಂ ಮೀರಬಾರದು.

ನೀರಿನ ದಾಖಲೆ ಬೇರೆ. 2022ರ ಮೇ ಕೊನೆ ಮತ್ತು ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಳದ ನೀರು ಕುಡಿದು ಜನ ಜೀವ ಕಳೆದುಕೊಂಡರು. ಹಾಗಾಗಿ ನೀರಿಗೆ ಹದಿನಾಲ್ಕು ದಿನ ಕಾಯುವ ಮಾತೇ ಇಲ್ಲ. ವಾಸನೆ, ಬಣ್ಣ ಕಂಡ ದಿನವೇ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ಕೇಳಿ ಕ್ಲೋರಿನ್ ಪರೀಕ್ಷೆ ಮಾಡಿಸಿ. ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಎಚ್‌ಟುಎಸ್ ಬಾಟಲಿಯಲ್ಲಿ (ನೀರಿನಲ್ಲಿ ಮಲಿನ ರೋಗಾಣು ಸೇರಿದೆಯೇ ಎಂದು ನೋಡುವ ಪರೀಕ್ಷಾ ಬಾಟಲಿ) ಹಾಕಿಟ್ಟ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಚರಂಡಿ ನೀರು ಸೇರಿರುವ ಸೂಚನೆ. ಪ್ರಯೋಗಾಲಯಕ್ಕೆ ಕೊಡುವ ಮಾದರಿಯನ್ನು ಅವರೇ ಕೊಟ್ಟ ಶುದ್ಧೀಕರಿಸಿದ ಬಾಟಲಿಯಲ್ಲಿ ಹಿಡಿದು ತಂಪಾಗಿಟ್ಟು ಅದೇ ದಿನ ತಲುಪಿಸಿ. ತೊಳೆದ ಬಿಸ್ಲೇರಿ ಬಾಟಲಿಯಲ್ಲಿ ಒಯ್ದರೆ ಫಲಿತಾಂಶಕ್ಕೆ ಬೆಲೆ ಇರುವುದಿಲ್ಲ. ಫಲಿತಾಂಶ ಬರುವವರೆಗೆ ಕುದಿಸಿ ಆರಿಸಿ ಕುಡಿಯಿರಿ. ನೀರು ಹಲವು ದಿನಕ್ಕೊಮ್ಮೆ ಬರುವ ಕಡೆ ಡ್ರಮ್ಮಿನಲ್ಲಿ ಕೂಡಿಟ್ಟ ನೀರಿನದನ್ನು ಪರೀಕ್ಷೆಗೆ ಕೊಡಬೇಡಿ, ನಳದಿಂದಲೇ ನೇರ ಹಿಡಿಯಿರಿ. ಇಲ್ಲವಾದರೆ ತಪ್ಪು ನಿಮ್ಮ ಡ್ರಮ್ಮಿನದು ಎನ್ನುತ್ತಾರೆ.

ಕಾರ್ಖಾನೆಯ ಕೊಳಚೆ ನೀರನ್ನು ನೀವೇ ಹಿಡಿಯಲು ಹೋಗಬೇಡಿ. ಘಟಕದವರ ಸಮ್ಮುಖದಲ್ಲಿ ಮಂಡಳಿಯವರು ವಿಧಿಪ್ರಕಾರ ತೆಗೆದ ಮಾದರಿ ಮಾತ್ರ ಕಾನೂನಿನಲ್ಲಿ ನಿಲ್ಲುತ್ತದೆ. ಕೈಗೆ ಗಾಯ, ಮೈಮೇಲೆ ಅತಿಕ್ರಮ ಪ್ರವೇಶದ ಕೇಸು, ಇಷ್ಟೇ ಸಿಗುವುದು.

## ಹಂತ 4: ಮೊದಲ ಅರ್ಜಿ ಅಧಿಕಾರಿಗೆ

ಸಮಿತಿಗೆ ನೇರ ಹೋದರೆ ಮೊದಲ ಪ್ರಶ್ನೆ "ಅಧಿಕಾರಿಗೆ ಹೇಳಿದ್ದೀರಾ?" ಎಂದು. ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗೆ ಒಂದು ಪುಟದ ಅರ್ಜಿ, ಪ್ರತಿ ಪಾಲಿಕೆ ಆಯುಕ್ತರಿಗೆ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಜೆರಾಕ್ಸ್ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿ. "ಇಟ್ಟು ಹೋಗ್ರಿ, ಸಾಹೇಬ್ರಿಗೆ ಕೊಡ್ತೀವಿ" ಅಂದರೆ ಇಟ್ಟು ಬರಬೇಡಿ. ಸೀಲು ಕೊಡದಿದ್ದರೆ ಸ್ಪೀಡ್ ಪೋಸ್ಟ್, ಅದರ ರಸೀದಿಯೇ ನಿಮ್ಮ ಇನ್‌ವರ್ಡ್.

ಜೊತೆಗೆ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಸಹಾಯವಾಣಿ 1902ಕ್ಕೂ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಸದಸ್ಯರಿಗೆ ಕಳಿಸಿದ ಚಿತ್ರ ದೂರಲ್ಲ. ಕಳಿಸಿ, ಬೇಡ ಎನ್ನುವುದಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ.

ಹದಿನೈದು ದಿನ ಕಾಯಿರಿ.

## ಹಂತ 5: ವಿಷಯವನ್ನು ಕಾರ್ಯಸೂಚಿಗೆ ಸೇರಿಸಿ

ಸಭೆಗೆ ಹತ್ತು ದಿನ ಮುಂಚೆ ಸಮಿತಿಯ ಕಾರ್ಯದರ್ಶಿಗೆ ಬರಹದಲ್ಲಿ ಕೊಡಿ, ಅಧ್ಯಕ್ಷರಿಗೆ ಪ್ರತಿ ಕೊಡಿ. ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ ಸಭೆಯ ಕೊನೆಗೆ "ಇತರೆ" ಎಂಬಲ್ಲಿ ಬರುತ್ತದೆ, ಆ ಹೊತ್ತಿಗೆ ಅರ್ಧ ಜನ ಎದ್ದಿರುತ್ತಾರೆ. ನಿಮ್ಮ ಪರವಾಗಿ ವಿಷಯ ಎತ್ತಲು ಒಬ್ಬ ಸದಸ್ಯರನ್ನಾದರೂ ಮೊದಲೇ ಭೇಟಿಯಾಗಿ. ಸಂಘದ ಪ್ರತಿನಿಧಿಗಳು ಅಥವಾ ಮಹಿಳಾ ಸದಸ್ಯರು ಒಪ್ಪಿದರೆ ಒಳ್ಳೆಯದು, ಹೊಗೆ ನೀರಿನ ತೊಂದರೆ ಮನೆಯೊಳಗಿರುವವರಿಗೆ ಬೇಗ ಅರ್ಥವಾಗುತ್ತದೆ. ಸಭೆಯಲ್ಲಿ ನೀವು ಮಾತಾಡಬಹುದೇ ಎಂಬುದನ್ನೂ ಆಗಲೇ ಕೇಳಿಕೊಳ್ಳಿ.

ಬರಹ ಹೀಗಿರಲಿ:

*ವಿಷಯ: ___ನೇ ವಾರ್ಡ್, ___ ಶಾಲೆಯ ಹಿಂದಿನ ಖಾಲಿ ನಿವೇಶನದಲ್ಲಿ ಕಸ ಸುಡುವುದನ್ನು ತಡೆಯುವ ಬಗ್ಗೆ.*

*ಸಂಗತಿ: ದಿನಾಂಕ ___ರಿಂದ ___ರವರೆಗಿನ 14 ದಿನಗಳಲ್ಲಿ 9 ದಿನ, ಬೆಳಿಗ್ಗೆ 6ರಿಂದ 7.30ರೊಳಗೆ ಕಸಕ್ಕೆ ಬೆಂಕಿ ಬಿದ್ದಿದೆ. ದಾಖಲೆಯ ಪ್ರತಿ, 6 ಚಿತ್ರ ಲಗತ್ತಿಸಿದೆ.*

*ಹಿಂದಿನ ಅರ್ಜಿ: ಇನ್‌ವರ್ಡ್ ನಂ. ___, ದಿನಾಂಕ ___.*

*ಕೋರಿಕೆ: ಸದರಿ ಓಣಿಗೆ ಕಸದ ಟಿಪ್ಪರ್ ಬರುವ ದಿನ, ಸಮಯ ನಿಗದಿಪಡಿಸಿ ಫಲಕ ಹಾಕುವುದು, ನಿವೇಶನದ ಮಾಲೀಕರಿಗೆ ನೋಟಿಸ್ ನೀಡುವುದು, ಎರಡನ್ನೂ ___ ದಿನಾಂಕದೊಳಗೆ ಆರೋಗ್ಯ ನಿರೀಕ್ಷಕರು ಪೂರೈಸಿ ಮುಂದಿನ ಸಭೆಯಲ್ಲಿ ವರದಿ ಮಾಡುವುದು.*

ಕೋರಿಕೆಯ ಸಾಲಿನಲ್ಲಿ ಕೆಲಸ, ಕೆಲಸ ಮಾಡುವವರು, ದಿನಾಂಕ ಮೂರೂ ಇರಬೇಕು. "ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇವೆ" ಎಂದು ಮುಗಿಸಿದ ಅರ್ಜಿಗೆ "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬ ಉತ್ತರ ಬರುತ್ತದೆ, ಕಡತ ಮುಚ್ಚುತ್ತದೆ.

ಘಟಕದ ಮೇಲಿನ ದೂರಾದರೆ "ಮುಚ್ಚಿಸಿ" ಎಂದು ಶುರು ಮಾಡಬೇಡಿ. ಜೀನ್ಸ್ ಹೊಲಿಗೆಯನ್ನು ನಂಬಿದ ಮನೆಗಳು ನಿಮ್ಮ ಓಣಿಯಲ್ಲೇ ಇರುತ್ತವೆ. ಆ ಒಂದು ಪದದಿಂದ ಅವರೆಲ್ಲ ನಿಮ್ಮ ಎದುರು ನಿಲ್ಲುತ್ತಾರೆ. ಸಮ್ಮತಿ ಪತ್ರದ ಪ್ರತಿ ಸಮಿತಿಯ ಮುಂದಿಡಿಸಿ, ಸಂಸ್ಕರಿಸದ ನೀರು ಚರಂಡಿಗೆ ಬಿಡುವುದನ್ನು ನಿಲ್ಲಿಸಿ ಎಂದು ಕೇಳಿ. ಷರತ್ತು ಪಾಲಿಸದ ಘಟಕದ ಮೇಲೆ ಏನು ಮಾಡಬೇಕೆಂದು ಕಾನೂನೇ ಹೇಳುತ್ತದೆ.

## ಹಂತ 6: ಸಭೆಯ ದಿನ

ಮೂವರು ಹೋಗಿ, ಒಬ್ಬರು ಮಾತಾಡಿ. ಮೂರು ನಿಮಿಷದೊಳಗೆ ಜಾಗ, ದಾಖಲೆ, ಕೋರಿಕೆ ಹೇಳಿ ಮುಗಿಸಿ. ಅಧ್ಯಕ್ಷರು ಯಾವ ಪಕ್ಷದವರು, ಕಳೆದ ಚುನಾವಣೆಯಲ್ಲಿ ಓಣಿ ಯಾರಿಗೆ ಮತ ಹಾಕಿತು ಎಂಬ ಮಾತು ಬಂದರೆ ಉತ್ತರಿಸಬೇಡಿ, ನೋಟ್‌ಬುಕ್ಕು ತೆರೆದು ತೋರಿಸಿ. ಅಧಿಕಾರಿ "ನೋಡ್ತೀವಿ" ಎಂದರೆ "ಯಾವ ದಿನ ಅಂತ ನಡವಳಿಯಲ್ಲಿ ಬರೆಸ್ರಿ ಸರ್" ಎಂದು ಮರ್ಯಾದೆಯಿಂದ ಕೇಳಿ. ಸಭೆಯಿಂದ ಹೊರಬರುವ ಮುಂಚೆ ಠರಾವಿನ ಮಾತು ಏನು ಎಂದು ಕಾರ್ಯದರ್ಶಿಯಿಂದ ಒಮ್ಮೆ ಓದಿಸಿಕೊಳ್ಳಿ.

## ಹಂತ 7: ನಡವಳಿಯ ಪ್ರತಿ ಪಡೆಯಿರಿ

ವಾರದೊಳಗೆ ನಡವಳಿ ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಉತ್ತರಕ್ಕೆ ಗಡುವು 30 ದಿನ. ಅದು ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ನಮ್ಮ ಭಾಗದ ಎರಡನೇ ಮೇಲ್ಮನವಿಗೆ ಮಾಹಿತಿ ಆಯೋಗದ ಕಲಬುರಗಿ ಪೀಠವಿದೆ.

"ಏಕೆ ಮಾಡಿಲ್ಲ" ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬೇಡಿ, ಕಾರಣ ಹೇಳುವುದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ಕಾಗದ ಕೇಳಿ: "ಇಂಥ ದಿನಾಂಕದ ವಾರ್ಡ್ ಸಮಿತಿ ಸಭೆಯ ನಡವಳಿಯ ಪ್ರತಿ", "ಇಂಥ ಇನ್‌ವರ್ಡ್ ನಂಬರಿನ ಅರ್ಜಿಯ ಮೇಲಿನ ಕಡತ ಟಿಪ್ಪಣಿಯ ಪ್ರತಿ", "ಇಂಥ ಘಟಕದ ಸಮ್ಮತಿ ಪತ್ರ ಮತ್ತು ಕೊನೆಯ ತಪಾಸಣಾ ವರದಿಯ ಪ್ರತಿ".

## ಹಂತ 8: ಸ್ಥಳ ತನಿಖೆ

ಅಧಿಕಾರಿ ಬರುವ ದಿನ ಆ ಮೂರು ಮನೆಯವರು ಅಲ್ಲಿರಬೇಕು. ಮಹಜರು ಬರೆದರೆ ಪೂರ್ತಿ ಓದಿ ಸಹಿ ಮಾಡಿ. ನಿಮ್ಮ ಮಾತು ಅದರಲ್ಲಿ ಇಲ್ಲದಿದ್ದರೆ ಸಹಿಯ ಕೆಳಗೇ ಒಂದು ಸಾಲು ನೀವೇ ಬರೆಯಿರಿ. ಖಾಲಿ ಹಾಳೆಗೆ ಸಹಿ ಯಾರಿಗೂ ಕೊಡಬೇಡಿ.

## ಅಪಾಯದ ಸೂಚನೆಗಳು

"ನಿಮ್ಮ ಅರ್ಜಿ ವಿಲೇವಾರಿಯಾಗಿದೆ" ಎಂಬ ಸಂದೇಶ ಬಂತು, ಸ್ಥಳದಲ್ಲಿ ಏನೂ ಆಗಿಲ್ಲ. ಅದೇ ದಿನ ಚಿತ್ರ ತೆಗೆದು ವಿಲೇವಾರಿ ತಪ್ಪು ಎಂದು ಬರೆದುಕೊಡಿ. ತಿಂಗಳು ಕಳೆದರೆ ಅದು ಹೊಸ ದೂರಾಗಿ ಲೆಕ್ಕವಾಗುತ್ತದೆ.

ಎರಡು ತಿಂಗಳು ಸಭೆಯೇ ಸೇರಲಿಲ್ಲ. ಕಾರ್ಯದರ್ಶಿಗೆ, ಆಯುಕ್ತರಿಗೆ ಸಭೆ ಕರೆಯಲು ಬರೆಯಿರಿ. ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದರೆ ಸಮಿತಿಗಾಗಿ ಕಾಯದೆ ಹಂತ 9ಕ್ಕೆ ಹೋಗಿ.

ಸಹಿ ಹಾಕಿದವರ ಮನೆಗೆ ಯಾರೋ ಬಂದು ಮಾತಾಡಿಹೋದರು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ದಿನಾಂಕ, ಸಮಯ, ಆಡಿದ ಮಾತು ನೋಟ್‌ಬುಕ್ಕಿನಲ್ಲಿ ಬರೆದು ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಡಿಗೆ ಮನೆಯವರನ್ನು, ಆ ಘಟಕದಲ್ಲೇ ಕೂಲಿ ಮಾಡುವವರನ್ನು ಮುಂದೆ ನಿಲ್ಲಿಸಬೇಡಿ, ಅವರಿಗಾಗುವ ನಷ್ಟವನ್ನು ನಾವು ತುಂಬಿಕೊಡಲು ಆಗುವುದಿಲ್ಲ.

ಓಣಿಯಲ್ಲಿ ಒಮ್ಮೆಗೇ ಹಲವರಿಗೆ ವಾಂತಿ, ಉಸಿರಾಟದ ತೊಂದರೆ. ಅರ್ಜಿ ಆಮೇಲೆ. 108ಕ್ಕೆ ಕರೆ ಮಾಡಿ ಮೊದಲು ಆಸ್ಪತ್ರೆ.

## ಹಂತ 9: ಸಮಿತಿಯಿಂದ ಆಗದಿದ್ದಾಗ

ಮೇಲಕ್ಕೆ ಹೋಗುವ ಮೆಟ್ಟಿಲುಗಳಿಗೂ ಕ್ರಮವಿದೆ. ಮೊದಲು ಜಿಲ್ಲಾಧಿಕಾರಿ: ಜಿಲ್ಲಾ ಪರಿಸರ ಯೋಜನೆಯ ಹೊಣೆ ಅವರದೇ, ಪಾಲಿಕೆ, ಮಂಡಳಿ, ಸಾರಿಗೆ, ಆರೋಗ್ಯ ಇಲಾಖೆಗಳನ್ನು ಒಂದೇ ಮೇಜಿಗೆ ಕರೆಯಬಲ್ಲವರು ಅವರು. ಹಲವು ಇಲಾಖೆಗೆ ಸೇರಿದ ಧೂಳಿನಂಥ ವಿಷಯಕ್ಕೆ ಇದೇ ಸರಿಯಾದ ಬಾಗಿಲು.

ಸಾರ್ವಜನಿಕ ಉಪದ್ರವ ಎಂದು ತೋರಿಸಬಹುದಾದದ್ದಕ್ಕೆ ಉಪವಿಭಾಗಾಧಿಕಾರಿಯ ಮುಂದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಅರ್ಜಿ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮೇ ಇದು. ಚರಂಡಿ, ಕೊಳಚೆಯ ವಿಷಯದಲ್ಲಿ ದುಡ್ಡಿಲ್ಲ ಎಂಬ ನೆಪ ನಡೆಯದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ರತ್ಲಾಂ ಪುರಸಭೆಯ ಪ್ರಕರಣದಲ್ಲಿ ಇದೇ ಕಲಮಿನಡಿ ಹೇಳಿದೆ. ನಮ್ಮ ಕಡೆ ಬಹಳ ಕಡಿಮೆ ಬಳಕೆಯಾಗುವ ದಾರಿ ಇದು, ಓಣಿಯ ಮಟ್ಟದ ತೊಂದರೆಗೆ ತುಂಬ ಉಪಯುಕ್ತ.

ಕಾರ್ಖಾನೆಯ ಮಾಲಿನ್ಯಕ್ಕೆ ಮಂಡಳಿ ಸುಮ್ಮನಿದ್ದರೆ ಜಲ, ವಾಯು ಕಾಯ್ದೆಗಳಡಿ 60 ದಿನದ ನೋಟಿಸ್ ಕೊಟ್ಟು ನಾಗರಿಕರೇ ನ್ಯಾಯಾಲಯಕ್ಕೆ ದೂರು ಸಲ್ಲಿಸಬಹುದು. ಇಲ್ಲವೇ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಅಲ್ಲಿಗೆ ಹೋಗುವ ಗಡುವು ವಿವಾದದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು, ತಕ್ಕ ಕಾರಣವಿದ್ದರೆ ಇನ್ನೂ 60 ದಿನ. ಅರ್ಜಿ ಕೊಟ್ಟು ಕಾಯುತ್ತಾ ಕಾಯುತ್ತಾ ಈ ಗಡುವು ಕಳೆದುಕೊಂಡವರಿದ್ದಾರೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಆರು ತಿಂಗಳು ತುಂಬುವ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ವಕೀಲರ ಖರ್ಚಿಗೆ ದಾರಿ ಇಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಬಹುದು.

## ಕೊಪ್ಪಳ, ರಾಯಚೂರಿನವರಿಗೆ

ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಕೊಪ್ಪಳ ನಗರ ಅಷ್ಟು ದೊಡ್ಡದಲ್ಲ, ಹಾಗಾಗಿ ಅಲ್ಲಿನವರು ಒಂದರಿಂದ ನಾಲ್ಕರವರೆಗಿನ ಹಂತ ಹಾಗೆಯೇ ಮಾಡಿ, ಐದನೆಯದರಲ್ಲಿ ಪೌರಾಯುಕ್ತರಿಗೆ ಬರೆದು ನಿಮ್ಮ ಸದಸ್ಯರಿಂದ ನಗರಸಭೆಯ ಸಾಮಾನ್ಯ ಸಭೆಯಲ್ಲಿ ವಿಷಯ ಎತ್ತಿಸಿ. ಗಿಣಿಗೇರಿ, ಹಾಲವರ್ತಿ, ಹಿರೇಬಗನಾಳದಂಥ ಊರುಗಳಲ್ಲಿ ಮಸಿಯ ದೂರು ಹೇಳಬೇಕಾದ್ದು ಗ್ರಾಮಸಭೆಯಲ್ಲಿ. ಅಲ್ಲಿ ಠರಾವು ಮಾಡಿಸಿ ಅದರ ಪ್ರತಿಯನ್ನು ಮಂಡಳಿಯ ಕೊಪ್ಪಳ ಕಚೇರಿಗೆ ಕೊಡಿ. ಬೆಳೆಯ ಮೇಲೆ ಮಸಿ ಕೂತಿದ್ದರೆ ಕೃಷಿ ಇಲಾಖೆಯವರಿಂದ ಜಂಟಿ ಸ್ಥಳ ತನಿಖೆ ಕೇಳಿ, ಕಟಾವಿಗೆ ಮುಂಚೆ.

ಹೊಸ ಕಾರ್ಖಾನೆ ಅಥವಾ ವಿಸ್ತರಣೆಯ ಸುದ್ದಿಯಿದ್ದರೆ ದಾರಿಯೇ ಬೇರೆ. 2006ರ ಪರಿಸರ ಪರಿಣಾಮ ಅಂದಾಜಿನ ಅಧಿಸೂಚನೆಯಡಿ ಬರುವ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾದಾಗ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಆ ಸಭೆಯಲ್ಲಿ ಕೂಗುವುದಕ್ಕಿಂತ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯುವುದು ಮುಖ್ಯ.

ರಾಯಚೂರಿನವರು ಶಕ್ತಿನಗರ, ಯರಮರಸ್‌ ಕಡೆಯ ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯ ವಿಷಯವನ್ನು ಮಂಡಳಿಯ ರಾಯಚೂರು ಕಚೇರಿಗೆ, ಬೂದಿ ಲಾರಿಗಳ ವಿಷಯವನ್ನು ಆರ್‌ಟಿಒಗೆ ಬೇರೆ ಬೇರೆಯಾಗಿ ಕೊಡಿ.

## ಹಂತ 10: ಕೆಲಸ ಆದ ಮೇಲೆ

ಬೆಂಕಿ ನಿಂತಿತು, ಟಿಪ್ಪರ್ ಬರತೊಡಗಿತು. ಆಗ ಅಧಿಕಾರಿಗೂ ಸಮಿತಿಗೂ ಎರಡು ಸಾಲಿನ ಪತ್ರ ಬರೆದು ತಿಳಿಸಿ, ಕೆಲಸ ಮಾಡಿದ ಪೌರಕಾರ್ಮಿಕರ ಹೆಸರನ್ನು ಅವರ ಒಪ್ಪಿಗೆ ಪಡೆದು ಅದರಲ್ಲಿ ಸೇರಿಸಿ. ಮೂವತ್ತನೇ ದಿನ, ತೊಂಬತ್ತನೇ ದಿನ ಅದೇ ಜಾಗದಲ್ಲಿ ನಿಂತು ಅದೇ ಕೋನದಿಂದ ಮತ್ತೆ ಚಿತ್ರ ತೆಗೆಯಿರಿ. ತೊಂದರೆ ಮರಳಿದ್ದರೆ ಹೊಸ ಅರ್ಜಿಯ ಮೊದಲ ಸಾಲಿನಲ್ಲೇ ಹಳೆಯ ಇನ್‌ವರ್ಡ್ ನಂಬರ್ ಮತ್ತು ಠರಾವಿನ ದಿನಾಂಕ ಹಾಕಿ. ಇಲ್ಲದಿದ್ದರೆ ಫೈಲು ಕಟ್ಟಿಟ್ಟು, ಹಂತ 1ರಲ್ಲಿ ಪಕ್ಕಕ್ಕಿಟ್ಟ ಎರಡನೇ ಅರ್ಜಿ ತೆಗೆಯಿರಿ.